ನಿಮ್ಮಪ್ಪನ ಹೊಂಡ

ಬೆಳಗಾವಿ
ಏಪ್ರಿಲ್ 22

ಚಿ. ಸುಮಾಗೆ ನಿನ್ನ ಅತ್ತಿ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನನ್ನ ಮೊಣಕಾಲಿಗೆ ಮಾತ್ರ ಆರಾಮ ಇಲ್ಲ. ಇಲ್ಲದಿದ್ದರೆ ಕಾಗದ ಬರೆಯುತ್ತ ಕೂಡುತ್ತಿರಲಿಲ್ಲ, ಬಸ್ಸು ಹತ್ತಿ ಬಂದುಬಿಡುತ್ತಿದ್ದೆ.

ನಿನ್ನೆ ರಾತ್ರಿ ನೀನು ನಿಮ್ಮಪ್ಪನ ಹೊಂಡದ ಮೀನು ಸೋತು ಬಿದ್ದಿವೆ ಅಂತ ಫೋನಿನಲ್ಲಿ ಅಳುವಾಗ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕೂಲರಿನ ಪಂಪು ಬಿಚ್ಚಿ ಹೊಂಡಕ್ಕೆ ಹಾಕು, ಮೀನಿಗೆ ಏನೂ ತಿನ್ನಲು ಹಾಕಬೇಡ, ಅಷ್ಟು ಹೇಳಿ ಇಟ್ಟುಬಿಟ್ಟೆ. ಬೆಳಿಗ್ಗೆ ನಿನ್ನ ವಿಡಿಯೋ ಬಂತು. ಪಂಪು ಓಡುತ್ತಿದೆ, ನೀರು ಮೇಲಿಂದ ಸುರಿಯುತ್ತಿದೆ. ಚಲೋ ಆಯಿತು. ಉಳಿದದ್ದನ್ನು ನಿಧಾನವಾಗಿ ಬರೆದೇ ಹೇಳಬೇಕು. ಬರೆದಾದ ಮೇಲೆ ಮೊಮ್ಮಗನ ಕೈಯಲ್ಲಿ ಫೋಟೋ ತೆಗೆಸಿ ಕಳಿಸುತ್ತೇನೆ. ಕಾಗದ ಹಿಂದಿನಿಂದ ಅಂಚೆಯಲ್ಲಿ ಬರುತ್ತದೆ.

"ಕೊಂದರೂ ಪಾಪ, ಹಾಗೇ ಬಿಟ್ಟರೂ ಪಾಪ, ನಾನೇನು ಮಾಡಲಿ ಅತ್ತಿ" ಅಂತ ಕೇಳಿದೆಯಲ್ಲ. ಪಾಪದ ಲೆಕ್ಕ ನನಗೆ ಬರುವುದಿಲ್ಲ ತಂಗಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಲೀಟರಿನ ಲೆಕ್ಕ ಬರುತ್ತದೆ. ಅಲ್ಲಿಂದಲೇ ಶುರು ಮಾಡೋಣ.

ನೀನು ಟೇಪು ಹಿಡಿದು ಅಳೆದ ಪ್ರಕಾರ ಹೊಂಡದ ಉದ್ದ 8 ಅಡಿ, ಅಗಲ 5 ಅಡಿ, ನೀರು ಒಂದೂವರೆ ಅಡಿ. ಅಂದರೆ 60 ಘನ ಅಡಿ. ಘನ ಅಡಿಗೆ 28 ಲೀಟರು ಹಿಡಿದರೆ ಸುಮಾರು 1,700 ಲೀಟರು ನೀರು. ಕೋಯಿ ಅನ್ನುವ ಈ ಬಣ್ಣದ ಮೀನು ಸಾಕುವವರು ಬೆಳೆದ ಒಂದು ಮೀನಿಗೆ ಸಾವಿರ ಲೀಟರು ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕಕ್ಕೆ ಹೋದರೆ ನಿಮ್ಮ ಹಿತ್ತಲಿನದು ಎರಡು ಮೀನಿನ ಮನೆ. ಅದರಲ್ಲಿ ಈಗ ಹದಿನಾಲ್ಕು ಇವೆ.

2011ರಲ್ಲಿ ಮನೆ ಕಟ್ಟಿ ಉಳಿದ ಇಟ್ಟಂಗಿ, ಸಿಮೆಂಟಿನಲ್ಲಿ ನಿಮ್ಮಪ್ಪ ಗೌಂಡಿಯನ್ನು ಕಾಡಿಸಿ ಕಾಡಿಸಿ ಅದನ್ನು ಕಟ್ಟಿಸಿದ. ಸೊಲ್ಲಾಪುರಕ್ಕೆ ಹೋಗಿ ಆರು ಕೋಯಿ ಮೀನು ತಂದ. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲವನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಬಂದಿದ್ದ. ಕಂಡಕ್ಟರ್ "ಸಾಹೇಬ್ರ, ಇವಕ್ಕೂ ಟಿಕೆಟ್ ತಗೋರಿ" ಅಂದನಂತೆ. ಎಷ್ಟು ಸಲ ಹೇಳಿ ನಗುತ್ತಿದ್ದ, ನಿನಗೆ ನೆನಪಿರಬೇಕು. ಆದರೆ ತಂದ ದಿನವೇ ಅವು ಜಾಸ್ತಿಯಾಗಿದ್ದವು. ಬೆಳೆದ ಮೇಲೆ ಎಷ್ಟು ನೀರು ಬೇಕು ಅಂತ ಅವನು ಯಾರನ್ನೂ ಕೇಳಲಿಲ್ಲ. ಮರಿ ಆದಾಗ ಯಾರಿಗೂ ಕೊಡಲೂ ಇಲ್ಲ. ಸತ್ತವರ ಬಗ್ಗೆ ಹೀಗೆ ಮಾತಾಡಬಾರದು ಅಂತಾರೆ. ನಾನು ಅವನ ಅಕ್ಕ, ಮಾತಾಡುತ್ತೇನೆ. ಎಲ್ಲ ನನ್ನಿಂದಲೇ ಆಯಿತು ಅಂತ ನೀನು ಎದೆ ಬಡಿದುಕೊಳ್ಳುತ್ತಿದ್ದೀಯಲ್ಲ, ಅದಕ್ಕಾಗಿ ಇದನ್ನು ಹೇಳಬೇಕಾಯಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ ಬರುವ ಮನೆಯಲ್ಲಿ ಒಂದೂವರೆ ವರ್ಷ ಹಿತ್ತಲಿನ ಹೊಂಡವನ್ನು ಯಾರು ನೋಡುತ್ತಾರೆ?

ಇನ್ನು ನೀರಿನ ಸಂಗತಿ. ಮೀನಿನ ಮೈಯ ಹೊಲಸು ಹೆಚ್ಚಿನ ಪಾಲು ಕಿವಿರಿನಿಂದಲೇ ಅಮೋನಿಯಾ ಆಗಿ ನೀರಿಗೆ ಬರುತ್ತದೆ. ಹೊಂಡದ ಗೋಡೆಗೆ, ಕಲ್ಲಿಗೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಮೊದಲಿನ ಎರಡೂ ವಿಷ, ಕೊನೆಯದು ಅಷ್ಟು ಕೇಡಲ್ಲ. ಈ ಕೆಲಸಕ್ಕೆ ಬ್ಯಾಕ್ಟೀರಿಯಾಗೂ ಆಮ್ಲಜನಕ ಬೇಕು, ಮೀನಿಗೂ ಬೇಕು. ನೀರು 20 ಡಿಗ್ರಿ ಇದ್ದಾಗ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ. 35 ಡಿಗ್ರಿಗೆ ಹೋದರೆ 7. ನಮ್ಮ ವಿಜಯಪುರದ ಏಪ್ರಿಲ್ ಬಿಸಿಲಿಗೆ ಒಂದೂವರೆ ಅಡಿ ನೀರು ಎಷ್ಟು ಕಾಯುತ್ತದೆ ಅಂತ ಕೈ ಅದ್ದಿ ನೋಡು, ಗೊತ್ತಾಗುತ್ತದೆ. ಮೇಲಾಗಿ ಆ ಹಸಿರು ಪಾಚಿ. ಹಗಲೆಲ್ಲ ಆಮ್ಲಜನಕ ಕೊಟ್ಟು ರಾತ್ರಿ ತಾನೇ ತೆಗೆದುಕೊಳ್ಳುತ್ತದೆ. ಹೀಗಾಗಿ ನಸುಕಿನ ಹೊತ್ತೇ ಎಲ್ಲಕ್ಕಿಂತ ಕೆಟ್ಟದ್ದು. ಮೀನುಗಳು ಬಾಯಿ ಮೇಲಿಟ್ಟು ಪಚ್ ಪಚ್ ಅನ್ನುತ್ತಿದ್ದವು, ಹಸಿದಿವೆ ಅಂತ ನಿಮ್ಮವ್ವ ಎರಡು ಮುಷ್ಟಿ ಚುರುಮುರಿ ಹಾಕಿದಳು ಅಂದೆಯಲ್ಲ. ಪಾಪ, ಅವಳಿಗೇನು ಗೊತ್ತು. ಅವು ಕೇಳುತ್ತಿದ್ದದ್ದು ಉಸಿರು.

ನೀರೆಲ್ಲ ಚೆಲ್ಲಿ, ತೊಳೆದು, ಹೊಸದು ತುಂಬು ಅಂತ ಪಕ್ಕದ ಮನೆಯವರು ಹೇಳಿದರಂತೆ. ದಯಮಾಡಿ ಬೇಡ. ಇದು ನಾನು ಪುಸ್ತಕದಲ್ಲಿ ಓದಿ ಹೇಳುವ ಮಾತಲ್ಲ. ನಾನು ಕೆಲಸ ಮಾಡಿದ ಒಂದು ಸಾಲೆಯ ಅಂಗಳದಲ್ಲಿ ತಾವರೆ ಹಾಕಿದ ಸಿಮೆಂಟಿನ ತೊಟ್ಟಿ ಇತ್ತು. ಅದರಲ್ಲಿ ಹನ್ನೊಂದು ಗೋಲ್ಡ್‌ಫಿಶ್. ಮೇ ಸೂಟಿ ಮುಗಿಸಿ ಬಂದು ನೋಡಿದರೆ ನೀರು ಹಸಿರು ಬಣ್ಣ ಕಲಸಿದ ಹಾಗೆ. ನಾಲ್ಕು ಹುಡುಗರನ್ನು ಕರೆದೆ. ನೀರು ಚೆಲ್ಲಿಸಿದೆ, ಕೆಸರು ಎತ್ತಿಸಿದೆ, ತೆಂಗಿನ ನಾರು ಕೊಟ್ಟು ಗೋಡೆ ತಿಕ್ಕಿಸಿದೆ, ಬ್ಲೀಚಿಂಗ್ ಪೌಡರ್ ಹಾಕಿಸಿ ತೊಳೆಸಿದೆ. ಸಂಜೆಗೆ ನಳದ ನೀರು ತುಂಬಿಸಿ ಬಕೆಟ್ಟಿನಲ್ಲಿದ್ದ ಮೀನು ಬಿಟ್ಟೆ. ತಳದ ಕಲ್ಲು ಲೆಕ್ಕ ಮಾಡಬಹುದಿತ್ತು, ಅಷ್ಟು ತಿಳಿ. ಹೆಡ್‌ಮಾಸ್ತರರು ಬಂದು ಭೇಷ್ ಅಂದರು. ಮರುದಿನ ಪ್ರಾರ್ಥನೆಯ ಹೊತ್ತಿಗೆ ಹನ್ನೊಂದೂ ತೇಲುತ್ತಿದ್ದವು. ಎಂಟನೇ ಇಯತ್ತೆಯ ಒಬ್ಬಳು ಹುಡುಗಿ "ಟೀಚರ್, ನೀರು ಇಷ್ಟು ಸ್ವಚ್ಛ ಐತಿ, ಮತ್ಯಾಕ ಸತ್ತವು?" ಅಂದಳು. ವಿಜ್ಞಾನದ ಟೀಚರ್ ಹತ್ತಿರ ಉತ್ತರ ಇರಲಿಲ್ಲ.

ಉತ್ತರವನ್ನು ಆಮೇಲೆ ಹುಡುಕಿ ಓದಿದೆ. ಒಂದು, ನಳದ ನೀರಿನ ಕ್ಲೋರಿನ್ನು, ಮೇಲೆ ನನ್ನ ಬ್ಲೀಚಿಂಗು. ಅದು ಮೀನಿನ ಕಿವಿರನ್ನೂ ಸುಡುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಇನ್ನೊಂದು, ಬಹಳ ದಿನ ಬಿಟ್ಟ ಹೊಂಡಕ್ಕೆ ಮಾತ್ರ ಇರುವ ಅಪಾಯ. ಹಳೇ ನೀರು ನಿಧಾನವಾಗಿ ಹುಳಿಯ ಕಡೆಗೆ, ಆಮ್ಲದ ಕಡೆಗೆ ಹೋಗಿರುತ್ತದೆ. ಅಂಥ ನೀರಿನಲ್ಲಿ ಅಮೋನಿಯಾ ಎಷ್ಟೇ ಇದ್ದರೂ ಹೆಚ್ಚು ವಿಷವಲ್ಲದ ರೂಪದಲ್ಲಿ ಇರುತ್ತದೆ. ಪಿಎಚ್ (ನೀರಿನ ಹುಳಿ ಅಳೆಯುವ ಅಂಕಿ, ಅದು ಏರಿದಷ್ಟೂ ಹುಳಿ ಕಡಿಮೆ) 7 ಇದ್ದಾಗ ವಿಷದ ರೂಪದ್ದು ನೂರಕ್ಕೆ ಒಂದು ಪಾಲೂ ಇರುವುದಿಲ್ಲ. 9ಕ್ಕೆ ಏರಿದರೆ ನೂರಕ್ಕೆ ನಲವತ್ತರ ಹತ್ತಿರ. ಅಂಥ ಹಳೇ ನೀರಿನ ಮೇಲೆ ನಮ್ಮ ಗಡಸು ಬೋರಿನ ನೀರನ್ನು ಒಮ್ಮೆಗೇ ಸುರಿದರೆ ಪಿಎಚ್ ಏರುತ್ತದೆ, ಇಷ್ಟು ದಿನ ಮಲಗಿದ್ದ ವಿಷ ಎದ್ದು ಕೂಡುತ್ತದೆ. ಹೊಲಸಿನಲ್ಲಿ ಬದುಕಿದ ಮೀನು ಸ್ವಚ್ಛ ಮಾಡಿದ ರಾತ್ರಿ ಸಾಯುವುದು ಹೀಗೆ.

ಆದ್ದರಿಂದ ದಿನಕ್ಕೆ ಹತ್ತು ಹನ್ನೆರಡು ಕೊಡ ತೆಗೆ, ಅಷ್ಟೇ ಹಾಕು. ನಳದ ನೀರಾದರೆ ಒಂದು ದಿನ ಒಂದು ರಾತ್ರಿ ಬ್ಯಾರಲ್ಲಿನಲ್ಲಿ ಬಾಯಿ ತೆರೆದು ಬಿಸಿಲಿಗೆ ಇಟ್ಟು, ಆರಿದ ಮೇಲೆ ಹಾಕು. ಗೋಳಗುಮ್ಮಟದ ಊರಿನವಳಿಗೆ ಗಂಜ್ ಅಂದರೆ ಹಳೇ ನೀರಿನ ಗೋಪುರ ಅಂತ ಹೇಳಬೇಕಾಗಿಲ್ಲ. ತೊರವಿ, ಬೇಗಂ ತಲಾಬ್ ಕಡೆಯಿಂದ ಬಂದ ನೀರು ಆ ಗೋಪುರಗಳಲ್ಲಿ ನಿಂತು, ಒತ್ತಡ ಇಳಿದು, ಹೂಳು ಕೆಳಗೆ ಕೂತು ಮುಂದೆ ಹೋಗುತ್ತಿತ್ತು. ಆದಿಲ್‌ಶಾಹಿಯವರು ಊರಿಗೆಲ್ಲ ಮಾಡಿದ್ದನ್ನು ನೀನು ಒಂದು ಬ್ಯಾರಲ್ಲಿನಲ್ಲಿ ಮಾಡುತ್ತಿದ್ದೀ ಅಂದುಕೋ. ತಳದ ಕರಿ ಕೆಸರನ್ನು ಕಲಕಬೇಡ. ಕೊಳೆತ ತತ್ತಿಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ. ನೀರು ತೆಗೆಯುವಾಗಲೇ ಸಣ್ಣ ಪೈಪು ತಳಕ್ಕಿಟ್ಟು ಒಂದೊಂದು ಮೂಲೆಯಿಂದ ಅಷ್ಟಷ್ಟೇ ಎಳೆ. ಒಂದೂವರೆ ಕಿಲೋ ಹರಳುಪ್ಪು ತಂದು, ಕರಗಿಸಿ, ಎರಡು ದಿನಕ್ಕೆ ಹಂಚಿ ಹಾಕು. ನೈಟ್ರೈಟ್ ಮೀನಿನ ರಕ್ತಕ್ಕೆ ಸೇರುವುದನ್ನು ಉಪ್ಪು ತಡೆಯುತ್ತದೆ. ಮೇಲೆ ದ್ರಾಕ್ಷಿ ತೋಟದವರ ಹತ್ತಿರ ಸಿಗುವ ಹಸಿರು ಶೇಡ್‌ನೆಟ್ ಅರ್ಧ ಹೊಂಡಕ್ಕೆ ಕಟ್ಟು. ಒಂದು ವಾರ ಚುರುಮುರಿ, ಚಪಾತಿ ಏನೂ ಬೇಡ. ಬೆಳೆದ ಕೋಯಿ ವಾರ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ನಮ್ಮ ಮನೆಯ ಹೆಂಗಸರೇ ಅದಕ್ಕಿಂತ ಜಾಸ್ತಿ ಮಾಡಿದ್ದಾರೆ.

ಈಗ ನೀನು ನಿಜವಾಗಿ ಕೇಳಿದ ಮಾತಿಗೆ ಬರುತ್ತೇನೆ.

ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಎಂಟು ಮೀನು ಸೋತಿವೆ, ಆದರೆ ನೆಟ್ಟಗೆ ಈಜುತ್ತವೆ. ನೀರು ಸುಧಾರಿಸಿದರೆ ಅವೂ ಸುಧಾರಿಸಬಹುದು. ಎರಡರ ಮಗ್ಗುಲಿಗೆ ದಾರದ ತುಂಡು ಜೋತುಬಿದ್ದ ಹಾಗಿದೆ, ಬುಡದಲ್ಲಿ ಕೆಂಪು ಗಾಯ. ಅದು ಲರ್ನಿಯಾ. ಹುಳ ಅಂತಾರೆ, ಅಸಲಿಗೆ ಸೀಗಡಿ ಏಡಿಗಳ ಕುಲದ್ದು. ನೋಡಲು ಅಸಹ್ಯ, ಆದರೆ ಚಿಮಟದಿಂದ ತೆಗೆಯಬಹುದು, ಮರಿಗಳಿಗೆ ಔಷಧಿ ಇದೆ. ಮೀನುಗಾರಿಕೆ ಇಲಾಖೆಯ ಕಚೇರಿಗೆ ಫೋಟೋ ತೆಗೆದುಕೊಂಡು ಹೋಗು, ಪಶು ಡಾಕ್ಟರಿಗೂ ತೋರಿಸು.

ಬೆನ್ನು ಸೊಟ್ಟಗಾದದ್ದು ಒಂದಿದೆ. ಒಂದು ಕಣ್ಣು ಹೋದದ್ದು ಒಂದಿದೆ. "ಇವನ್ನೂ ಕಳಿಸಿಬಿಡಬೇಕಾ" ಅಂತ ಕೇಳಿದ್ದೀ. ಯಾಕೆ? ಸೊಟ್ಟ ಬೆನ್ನಿನದು ವಿಡಿಯೋದಲ್ಲಿ ಎಲ್ಲಕ್ಕಿಂತ ಮುಂದೆ ಬರುತ್ತದೆ, ನಿನ್ನ ನೆರಳು ಕಂಡರೆ ಸರ್ರನೆ ತಿರುಗುತ್ತದೆ. ನಮ್ಮ ಕಣ್ಣಿಗೆ ನೋಡಲಾಗದ್ದು ಬೇರೆ, ಅದರ ಮೈಗೆ ತಾಳಲಾಗದ್ದು ಬೇರೆ. ನಾನು ಕಣ್ಣಿನ ಸಂಕಟಕ್ಕೆ ಮಣಿಯುವುದಿಲ್ಲ, ನೀನೂ ಮಣಿಯಬೇಡ.

ಉಳಿದದ್ದು ಎರಡು. ಬಾಲ ಕೊಳೆತು ಮೈಮೇಲೆ ಹತ್ತಿಯಂಥ ಬೂಸ್ಟು ಬಂದು ಮೂರು ದಿನದಿಂದ ಮಗ್ಗುಲಾಗಿ ಬಿದ್ದಿರುವ ಬಿಳಿದು. ಇನ್ನೊಂದು ಆ ಕೆಂಪು ದೊಡ್ಡದು, ಸೊಲ್ಲಾಪುರದಿಂದ ಬಂದ ಆರರಲ್ಲಿ ಉಳಿದಿರುವ ಒಂದೇ ಒಂದು. ಅದರ ಹುರುಪೆಗಳೆಲ್ಲ ಎದ್ದು ನಿಂತಿವೆ. ಮೇಲಿಂದ ನೋಡಿದರೆ ಥೇಟ್ ಸೀತಾಫಲ. ಹೊಟ್ಟೆ ಉಬ್ಬಿದೆ, ಕಣ್ಣು ಹೊರಗೆ ಬಂದಿವೆ. ಸಾಮಾನ್ಯವಾಗಿ ಒಳಗೆ ಮೂತ್ರಪಿಂಡ ಸೋತಾಗ ನೀರು ಹೊರಹೋಗದೆ ಮೈಯಲ್ಲಿ ತುಂಬಿ ಹೀಗಾಗುತ್ತದೆ. ಈ ಹಂತಕ್ಕೆ ಬಂದದ್ದು ಉಳಿಯುವುದು ಬಹಳ ಕಡಿಮೆ.

ನೀನು ಯಾಕೆ ಅಷ್ಟು ಅತ್ತೆ ಅಂತ ನನಗೆ ಆಗ ತಿಳಿಯಿತು. ಕೊನೆಯ ತಿಂಗಳು ಅವನ ಕಾಲು ಹೇಗೆ ಬಾತಿದ್ದವು ಅಂತ ನಾನೂ ನೋಡಿದ್ದೇನೆ. ಬೆರಳಿಟ್ಟು ಒತ್ತಿದರೆ ಕುಳಿ ಹಾಗೇ ನಿಲ್ಲುತ್ತಿತ್ತು. ನೀನು ಚಪ್ಪಲಿ ದೊಡ್ಡ ಸೈಜಿನದು ತಂದುಕೊಟ್ಟಿದ್ದೆ. ಸುಮಾ, ಆ ಮೀನು ನಿಮ್ಮಪ್ಪ ಅಲ್ಲ. ಅವನಿಗೆ ನೀನು ಮಾಡಿದ್ದಕ್ಕೂ ಮಾಡಲಾಗದ್ದಕ್ಕೂ ಇದು ಲೆಕ್ಕ ತೀರಿಸುವ ಜಾಗ ಅಲ್ಲ. ಅವನಿಗಾಗಿ ಇದನ್ನು ಬದುಕಿಸಿಕೊಳ್ಳುತ್ತೇನೆ ಅಂತ ಹಟಕ್ಕೆ ಬಿದ್ದರೆ ನರಳುವುದು ಮೀನು. ಅದರ ಹತ್ತಿರ ಕೂತಾಗ ಅದನ್ನಷ್ಟೇ ನೋಡು.

ಬಿಳಿದರ ಬಗ್ಗೆ ನನಗೆ ಅನುಮಾನ ಉಳಿದಿಲ್ಲ. ಅದನ್ನು ನಾಳೆಗೂ ಎಳೆಯಬಾರದು. ಕೆಂಪಿನದಕ್ಕೆ ರವಿವಾರ ಸಂಜೆಯವರೆಗೆ ಅಂತ ಈಗಲೇ ಗೊತ್ತು ಮಾಡಿಕೋ. ದೊಡ್ಡ ಟಬ್ಬಿನಲ್ಲಿ ಹೊಂಡದ ನೀರೇ ಹಾಕಿ, ಗಾಳಿ ಪಂಪು ಇಟ್ಟು, ಒದ್ದೆ ಗೋಣಿಚೀಲ ಮುಚ್ಚಿ ನೆರಳಿಗೆ ಇಡು. ಡಾಕ್ಟರ್ ಏನಾದರೂ ಔಷಧಿ ಕೊಟ್ಟರೆ ಕೊಡು. ನೆಟ್ಟಗೆ ನಿಲ್ಲುತ್ತದಾ, ಕೈ ಹತ್ತಿರ ಬಂದರೆ ಸರಿಯುತ್ತದಾ, ಉಬ್ಬು ಇಳಿಯುತ್ತಿದೆಯಾ ಅಂತ ದಿನಾ ಎರಡು ಸಲ ಬರೆದಿಡು. ದಿನ ಮೊದಲೇ ಗೊತ್ತು ಮಾಡದಿದ್ದರೆ ನಾವು ನಾಳೆ ನೋಡೋಣ, ನಾಡಿದ್ದು ನೋಡೋಣ ಅನ್ನುತ್ತಲೇ ಇರುತ್ತೇವೆ. ಅಷ್ಟೂ ದಿನ ತಾಳಿಕೊಳ್ಳುವುದು ಅದು, ನಾವಲ್ಲ.

ಹೇಗೆ ಅಂತ ಹೇಳಬೇಕಲ್ಲ, ಹೇಳುತ್ತೇನೆ. ದಂಡೆಗೆ ಹಾಕಿ ಬಿಡುವುದು, ಫ್ರಿಜ್ಜಿನಲ್ಲಿ ಇಡುವುದು, ಗಟಾರಕ್ಕೆ ಬಿಡುವುದು, ಇವೆಲ್ಲ ನಿಧಾನದ ಸಾವು. ಲವಂಗದ ಎಣ್ಣೆ ಬೇಕು, ಹಲ್ಲು ನೋವಿಗೆ ಔಷಧಿ ಅಂಗಡಿಯಲ್ಲಿ ಮಾರುತ್ತಾರಲ್ಲ, ಬೇರೇನೂ ಬೆರೆಸದ್ದು. ಮೀನು ಮುಳುಗುವ ಹಾಗೆ ಬಕೆಟ್ಟಿನಲ್ಲಿ 10 ಲೀಟರು ಹೊಂಡದ ನೀರು ತೆಗೆದುಕೋ. ಲೀಟರಿಗೆ 0.4 ಮಿಲಿ ಲೆಕ್ಕದಲ್ಲಿ 4 ಮಿಲಿ ಎಣ್ಣೆ ಬೇಕು. ಎಣ್ಣೆ ಸುಮ್ನೆ ನೀರಿನಲ್ಲಿ ಕರಗುವುದಿಲ್ಲ. ಸಣ್ಣ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರಿಗೆ ಹಾಕಿ ಹಾಲಿನ ಹಾಗೆ ಆಗುವವರೆಗೆ ಕುಲುಕು. ಮೊದಲು ಸ್ವಲ್ಪ ಹಾಕು, ಮೀನು ನಿದ್ದೆ ಬಂದ ಹಾಗೆ ಮಗ್ಗುಲಾಗುತ್ತದೆ. ಆಮೇಲೆ ಉಳಿದದ್ದನ್ನು ಹಾಕು. ಕಿವಿರು ಆಡುವುದು ನಿಂತ ಮೇಲೂ ಅರ್ಧ ತಾಸು ತೆಗೆಯಬೇಡ. ಅಳತೆಗೆ ಹೊಸ ಸಿರಿಂಜ್ ತರಿಸು. ಅಪ್ಪನ ಔಷಧಿ ಡಬ್ಬಿಯಲ್ಲಿ ಉಳಿದದ್ದನ್ನು ಇದಕ್ಕೆ ಮುಟ್ಟಬೇಡ. ಲಿಂಬಿ ಗಿಡದ ಬುಡದಲ್ಲಿ ಎರಡು ಅಡಿ ತೋಡಿಸು, ನಾಯಿ ಬೆಕ್ಕು ಕೆದರಬಾರದು. ಡಾಕ್ಟರ್ ಬಂದು ಮಾಡಿಕೊಡುತ್ತೇನೆ ಅಂದರೆ ಇನ್ನೂ ಒಳ್ಳೆಯದು.

"ವರ್ಷ ತುಂಬದ ಮನೆಯಲ್ಲಿ ಜೀವ ತೆಗೆಯಬಾರದು" ಅಂತ ನಿಮ್ಮವ್ವ ಅಂದಳಂತೆ. ಅವಳಿಗೆ ಮುಚ್ಚಿಟ್ಟು ಮಾಡಬೇಡ. ಕರೆದುಕೊಂಡು ಹೋಗಿ ಬಿಳಿದನ್ನು ತೋರಿಸು, ಐದು ನಿಮಿಷ ನೋಡಲಿ. ಅಷ್ಟಾದರೂ ಬೇಡ ಅಂದರೆ ನನಗೆ ಫೋನ್ ಕೊಡು, ನಾನು ಮಾತಾಡುತ್ತೇನೆ. ಮೀನು ತಿನ್ನದ ಮನೆ ನಮ್ಮದು, ಕೊಲ್ಲುವುದು ಅಂದರೆ ಎದೆ ಝಲ್ಲೆನ್ನುತ್ತದೆ. ನನಗೂ ಹಾಗೇ.

ತಾಜ್ ಬಾವಡಿಗೋ ಭೂತನಾಳ ಕೆರೆಗೋ ಬಿಟ್ಟು ಬಂದರೆ ಪುಣ್ಯ ಬರುತ್ತದೆ ಅಂತ ಯಾರೋ ಹೇಳಿದರಂತೆ. ಯಾರ ಪುಣ್ಯ? ಸಾಯುವ ಮೀನು ಅಲ್ಲೂ ಸಾಯುತ್ತದೆ, ನೀನು ನೋಡುವುದಿಲ್ಲ ಅಷ್ಟೇ. ಲರ್ನಿಯಾ ಅಲ್ಲಿನ ಮೀನುಗಳಿಗೆ ಹತ್ತುತ್ತದೆ. ಬದುಕಿದ ಕೋಯಿ ತಳ ಕೆದರಿ ನೀರು ರಾಡಿ ಮಾಡುತ್ತದೆ, ಅದು ನಮ್ಮ ಕಡೆಯ ಮೀನೇ ಅಲ್ಲ. 1620ರಲ್ಲಿ ಕಟ್ಟಿದ ಬಾವಡಿ, ಅದಕ್ಕೆ ಈಗಾಗಲೇ ಊರಿನ ಹೊಲಸು ಸಾಕಷ್ಟು ಆಗಿದೆ. ಕೊಲ್ಹಾರದ ಹತ್ತಿರ ಕೃಷ್ಣೆಗೆ ಬಿಡುವುದೂ ಅಷ್ಟೇ.

ಎಂಟು ಮೀನು ಒಂದು ತಿಂಗಳು ರೋಗ ಇಲ್ಲದೆ ಇದ್ದರೆ ದೊಡ್ಡ ಹೊಂಡ ಇದ್ದವರಿಗೆ ಕೊಟ್ಟುಬಿಡು. ತಿಕೋಟಾ ಕಡೆ ದ್ರಾಕ್ಷಿಯವರು ತಾಡಪತ್ರಿ ಹಾಸಿ ಎಂಥೆಂಥ ಕೃಷಿಹೊಂಡ ಮಾಡಿದ್ದಾರೆ. ಹಳ್ಳಕ್ಕೆ ಉಕ್ಕಿ ಹರಿಯದಂಥ ಹೊಂಡ ಯಾರದ್ದು ಅಂತ ಕೇಳಿ ನೋಡು. ಲರ್ನಿಯಾದ ಎರಡು ಗುಣವಾದರೆ ಅವೂ ಹೋಗಲಿ. ಸೊಟ್ಟ ಬೆನ್ನಿನದನ್ನೂ ಒಕ್ಕಣ್ಣಿನದನ್ನೂ ಯಾರೂ ಒಯ್ಯುವುದಿಲ್ಲ. ಅವು ನಿನ್ನ ಹತ್ತಿರವೇ ಇರಲಿ, ಆ ಹೊಂಡಕ್ಕೆ ಸರಿಯಾಗಿ ಎರಡೇ ಅಲ್ವಾ. ಅದೂ ಬೇಡ ಅನಿಸಿದರೆ ಹೊಂಡ ಮುಚ್ಚಿ ಮಲ್ಲಿಗೆ ಹಚ್ಚು, ಅಪ್ಪನ ನೆನಪು ಅಂತ ಹೊತ್ತುಕೊಂಡು ಕೂಡಬೇಡ. ನೀರು ಮಾತ್ರ ಸುಮ್ನೆ ನಿಲ್ಲಿಸಿ ಬಿಡಬೇಡ, ಸೊಳ್ಳೆಯ ಮನೆಯಾಗುತ್ತದೆ.

ನಾಳೆ ನಸುಕಿನ ಐದೂವರೆಗೆ ಎದ್ದು ಎಷ್ಟು ಮೀನು ಬಾಯಿ ಮೇಲಿಟ್ಟಿವೆ ಎಣಿಸು. ಪಂಪು ಹಾಕುವ ಮೊದಲು ಹನ್ನೆರಡು ಅಂದಿದ್ದೆ. ರಾತ್ರಿ ಕರೆಂಟ್ ಹೋದರೆ ಒಂದು ಕೊಡ ಹಿಡಿದು ಹೊಂಡದ ನೀರನ್ನೇ ತುಂಬಿ ಎತ್ತರದಿಂದ ಸುರಿಯುತ್ತ ಇರು, ಕರೆಂಟ್ ಬರುವವರೆಗೆ.

ಬಕೆಟ್ಟಿನ ಮುಂದೆ ಕೂಡುವಾಗ ಫೋನ್ ಮಾಡಿ, ಸ್ಪೀಕರಿಗೆ ಹಾಕಿ ಪಕ್ಕದಲ್ಲಿ ಇಟ್ಟುಕೋ. ನಾನು ಏನೂ ಮಾತಾಡುವುದಿಲ್ಲ. ಮುಗಿಯುವವರೆಗೆ ಸುಮ್ನೆ ಇರುತ್ತೇನೆ.

ನಿನ್ನ
ಅತ್ತಿ